ಒಳಗಿನಿಂದ ತೆರೆಯಬೇಕಾದ ಬಾಗಿಲು

ನಮಗೆ ಬರುವ ಕಂಪ್ಲೇಂಟುಗಳಲ್ಲಿ ಎರಡೇ ಜಾತಿ. ‘ಬಾಗಿಲು ತೆಗೀತಾ ಇಲ್ಲ’ ಅನ್ನುವುದು ಒಂದು, ‘ಬಾಗಿಲು ಹಾಕ್ಕೋತಾ ಇಲ್ಲ’ ಅನ್ನುವುದು ಇನ್ನೊಂದು. ಬೆಂಗಳೂರಿನ ಐ.ಟಿ. ಪಾರ್ಕು, ಆಸ್ಪತ್ರೆ, ಗಾರ್ಮೆಂಟ್ಸು, ಬ್ಯಾಂಕು, ಎಲ್ಲಿಗೆ ಹೋದರೂ ಇದೇ ಎರಡು ಮಾತು. ಮೂರನೆಯ ಜಾತಿಯ ದೋಷವೊಂದಿದೆ, ಅದಕ್ಕೆ ಯಾರೂ ಫೋನ್ ಮಾಡುವುದಿಲ್ಲ. ಕಾರ್ಡ್ ತೋರಿಸಿದರೆ ತೆರೆದುಕೊಂಡು, ಬಿಟ್ಟರೆ ಮುಚ್ಚಿಕೊಂಡು ವರ್ಷಗಟ್ಟಲೆ ಸರಿಯಾಗಿಯೇ ಇರುವ ಬಾಗಿಲು, ಕಟ್ಟಡದಲ್ಲಿ ಹೊಗೆ ತುಂಬಿದ ದಿನ ಮಾತ್ರ ಒಳಗಿದ್ದವರನ್ನು ಹೊರಗೆ ಬಿಡುವುದಿಲ್ಲ. ಮೊದಲ ಎರಡನ್ನು ಸರಿಮಾಡಿದ್ದಕ್ಕೆ ನಮಗೆ ಸಂಬಳ ಸಿಗುತ್ತದೆ. ಮೂರನೆಯದನ್ನು ಯಾರೂ ಹೇಳದೆ ನಾವೇ ಹುಡುಕಬೇಕು. ಈ ಕಸುಬಿನಲ್ಲಿ ನಾನು ಕಲಿತದ್ದೆಲ್ಲ ಕೊನೆಗೆ ಅಲ್ಲಿಗೇ ಬಂದು ನಿಲ್ಲುತ್ತದೆ.

ಐ.ಟಿ.ಐ.ನಲ್ಲಿ ಎಲೆಕ್ಟ್ರಾನಿಕ್ ಮೆಕ್ಯಾನಿಕ್ ಮುಗಿಸಿ ತುಮಕೂರಿನ ಕಡೆಯಿಂದ ಬೆಂಗಳೂರಿಗೆ ಬಂದವನು ನಾನು. ಸರ್ಕ್ಯೂಟು, ರಿಲೇ, ಟ್ರಾನ್ಸಿಸ್ಟರ್ ಗೊತ್ತಿದ್ದರೆ ಸಾಕು ಅಂದುಕೊಂಡಿದ್ದೆ. ನನ್ನನ್ನು ಜೊತೆಗಿಟ್ಟುಕೊಂಡು ಕೆಲಸ ಕಲಿಸಿದ ಹಿರಿಯರು, ನಾವೆಲ್ಲ ಅಣ್ಣ ಅಂತಲೇ ಕರೆಯುತ್ತಿದ್ದವರು, ಸೈಟಿಗೆ ಹೋದ ತಕ್ಷಣ ನಾನು ಮಲ್ಟಿಮೀಟರ್ ತೆಗೆದರೆ ತಡೆಯುತ್ತಿದ್ದರು. ‘ಮೀಟರ್ ಎಲ್ಲೂ ಓಡಿಹೋಗಲ್ಲ. ಮೊದ್ಲು ಬಾಗಿಲು ತಳ್ಳಿ ನೋಡೋ.’ ಅವರು ಬಾಗಿಲನ್ನು ಅರ್ಧ ತೆಗೆದು ಬಿಡುತ್ತಿದ್ದರು, ಪೂರ್ತಿ ತೆಗೆದು ಬಿಡುತ್ತಿದ್ದರು, ಒಂದು ಗೇಣಷ್ಟೇ ತೆಗೆದು ಬಿಡುತ್ತಿದ್ದರು. ಮೂರು ಸಲವೂ ಅದು ತಾನಾಗಿ ಬಂದು ಚೌಕಟ್ಟಿಗೆ ಕೂರಬೇಕು. ಕೂರದಿದ್ದರೆ ಬೀಗದ ಗೋಜಿಗೇ ಹೋಗುತ್ತಿರಲಿಲ್ಲ.

ಅದರ ಹಿಂದಿನ ಲೆಕ್ಕ ಅರ್ಥವಾಗಲು ನನಗೆ ಸ್ವಲ್ಪ ಕಾಲ ಬೇಕಾಯಿತು. ನಮ್ಮಲ್ಲಿ ಹೆಚ್ಚಾಗಿ ಬಳಸುವುದು ಇ.ಎಂ. ಲಾಕ್, ಅಂದರೆ ವಿದ್ಯುತ್ ಆಯಸ್ಕಾಂತದ ಬೀಗ. ಚೌಕಟ್ಟಿಗೆ ಆಯಸ್ಕಾಂತ, ಬಾಗಿಲಿಗೆ ಒಂದು ಉಕ್ಕಿನ ಪಟ್ಟಿ. ಕರೆಂಟ್ ಇದ್ದಷ್ಟು ಹೊತ್ತು ಎರಡೂ ಅಂಟಿಕೊಂಡಿರುತ್ತವೆ. 600 ಪೌಂಡಿನ ಲಾಕ್ ಅಂದರೆ ಸುಮಾರು 270 ಕೆ.ಜಿ. ಬಲ, ಮನುಷ್ಯ ಎಳೆದರೆ ಬರುವುದಿಲ್ಲ. ಆದರೆ ಆ ಬಲವೆಲ್ಲ ಲೋಹಕ್ಕೆ ಲೋಹ ಪೂರ್ತಿ ತಾಗಿದಾಗ ಮಾತ್ರ. ನಡುವೆ ಒಂದು ಕಾಗದದಷ್ಟು ಸಂದು ಬಿದ್ದರೂ ಬಲ ಗಣನೀಯವಾಗಿ ಇಳಿಯುತ್ತದೆ. ಆ ಪಟ್ಟಿಯ ಹಿಂದೆ ಒಂದು ರಬ್ಬರ್ ವಾಷರ್ ಇರುತ್ತದೆ. ಪಟ್ಟಿ ಸ್ವಲ್ಪ ಅಲ್ಲಾಡಿ, ಆಯಸ್ಕಾಂತದ ಮುಖಕ್ಕೆ ತಾನಾಗಿ ಹೊಂದಿಕೊಳ್ಳಲಿ ಎಂಬುದು ಅದರ ಉದ್ದೇಶ. ‘ಲೂಸ್ ಆಗಿದೆ’ ಅಂತ ಯಾರೋ ಸ್ಕ್ರೂವನ್ನು ಜಗ್ಗಿ ಬಿಗಿ ಮಾಡಿರುತ್ತಾರೆ, ಅಂದಿನಿಂದ ಬಾಗಿಲು ಹಿಡಿಯುವುದಿಲ್ಲ. ಇನ್ನು ಕೆಲವು ಕಡೆ ಪಟ್ಟಿಯ ಮೇಲೆ ಸೆಲ್ಲೋಟೇಪ್ ಸಿಗುತ್ತದೆ. ಸಿಗರೇಟಿಗೆ ಹೋಗುವವರು ಕಾರ್ಡ್ ಪಂಚ್ ಮಾಡದೆ ವಾಪಸ್ ಬರಲು ಕಂಡುಕೊಂಡ ಉಪಾಯ ಅದು.

ಬಾಗಿಲ ನೆತ್ತಿಯ ಮೇಲಿರುವ ಡೋರ್ ಕ್ಲೋಸರನ್ನು ಯಾರೂ ತಲೆ ಎತ್ತಿ ನೋಡುವುದಿಲ್ಲ. ಅದರಲ್ಲಿ ಸಾಮಾನ್ಯವಾಗಿ ಎರಡು ಸಣ್ಣ ಸ್ಕ್ರೂ. ಒಂದು ಬಾಗಿಲು ತಿರುಗಿ ಬರುವ ವೇಗಕ್ಕೆ, ಇನ್ನೊಂದು ಕೊನೆಯ ಗೇಣಿನಲ್ಲಿ ಚೌಕಟ್ಟಿಗೆ ಬಡಿಯುವ ವೇಗಕ್ಕೆ. ಎರಡನೆಯದು ನಿಧಾನವಾದರೆ ಬಾಗಿಲು ಒಂದು ಬೆರಳ ಅಂತರದಲ್ಲಿ ನಿಂತುಬಿಡುತ್ತದೆ. ಮಳೆಗಾಲದಲ್ಲಿ ಮರದ ಬಾಗಿಲು ಉಬ್ಬುತ್ತದೆ. ಎ.ಸಿ. ಗಾಳಿಯ ಒತ್ತಡ ಒಳಗೆ ಹೆಚ್ಚಾದರೆ ಗಾಜಿನ ಬಾಗಿಲು ಹೊರಕ್ಕೆ ತಳ್ಳಿಕೊಂಡೇ ಇರುತ್ತದೆ. ನೆಲದೊಳಗಿನ ಫ್ಲೋರ್ ಸ್ಪ್ರಿಂಗಿನ ಎಣ್ಣೆ ಸೋರಿ ಹೋಗಿರುತ್ತದೆ. ‘ಸಾಫ್ಟ್‌ವೇರ್ ಪ್ರಾಬ್ಲಂ’ ಎಂದು ಬರೆದು ಬಂದ ಕಂಪ್ಲೇಂಟುಗಳಲ್ಲಿ ಎಷ್ಟನ್ನು ನಾನು ಒಂದು ಸ್ಕ್ರೂಡ್ರೈವರಿನಿಂದ ಮುಗಿಸಿ ಬಂದಿದ್ದೇನೋ.

ಬಾಗಿಲು ಸರಿಯಿದ್ದರೆ ಮುಂದಿನ ಅನುಮಾನ ಕರೆಂಟಿನ ಮೇಲೆ. ಪವರ್ ಸಪ್ಲೈ ಹತ್ತಿರ ಅಳೆದರೆ 12 ವೋಲ್ಟ್ ಇರುತ್ತದೆ, ಲಾಕಿನ ಹತ್ತಿರ ಇರುವುದಿಲ್ಲ. ಲಾಕ್ ಸುಮಾರು ಅರ್ಧ ಆಂಪಿಯರ್ ಎಳೆಯುತ್ತದೆ ಅಂದುಕೊಳ್ಳಿ. 40 ಮೀಟರ್ ದೂರಕ್ಕೆ ಅರ್ಧ ಚದರ ಮಿ.ಮೀ. ತಾಮ್ರದ ತಂತಿ ಎಳೆದರೆ ಹೋಗಿ ಬರುವ ದಾರಿಯಲ್ಲೇ ಒಂದೂವರೆ ವೋಲ್ಟ್ ಕರಗುತ್ತದೆ. ನೆಟ್‌ವರ್ಕಿಗೆಂದು ತಂದ ಕೇಬಲ್ ಉಳಿದಿದೆಯೆಂದು ಅದರ ಒಂದು ಜೋಡಿಯನ್ನೇ ಹಾಕಿದರೆ ನಷ್ಟ ಮೂರು ವೋಲ್ಟ್ ದಾಟುತ್ತದೆ. ಲಾಕಿನ ದೀಪ ಹಸಿರು, ಕೆಂಪು ಎಲ್ಲ ಸರಿಯಾಗಿಯೇ ತೋರಿಸುತ್ತಿರುತ್ತದೆ, ಬಲ ಮಾತ್ರ ಇರುವುದಿಲ್ಲ. ಹಾಗಾಗಿ ಅಳೆಯುವುದಾದರೆ ಲಾಕಿನ ಬಾಯಲ್ಲೇ, ಅದೂ ಬಾಗಿಲು ಹಿಡಿದಿರುವಾಗ ಅಳೆಯಬೇಕು.

ಇನ್ನೊಂದು ಸಣ್ಣ ಪಾಠ ಡಯೋಡಿನದು. ಆಯಸ್ಕಾಂತದ ಸುರುಳಿಗೆ ಕರೆಂಟ್ ತಪ್ಪಿಸಿದ ಕ್ಷಣ ಅದು ಉಲ್ಟಾ ಒಂದು ಏಟು ಹೊಡೆಯುತ್ತದೆ. ಆ ಕಿಡಿಗೆ, ಬಾಗಿಲು ಬಿಡಬೇಕೋ ಬೇಡವೋ ಎಂದು ತೀರ್ಮಾನಿಸುವ ಪೆಟ್ಟಿಗೆಯಾದ ಕಂಟ್ರೋಲರಿನ ರಿಲೇ ಒಳಗಿನ ಲೋಹದ ನಾಲಿಗೆಗಳು ದಿನದಿನವೂ ಸುಡುತ್ತಾ ಬಂದು ಕೊನೆಗೆ ಒಂದಕ್ಕೊಂದು ಬೆಸೆದುಕೊಳ್ಳಬಹುದು. ಆಮೇಲೆ ಕಾರ್ಡ್ ತೋರಿಸಲಿ, ಎಕ್ಸಿಟ್ ಸ್ವಿಚ್ ಒತ್ತಲಿ, ಲಾಕಿಗೆ ಕರೆಂಟ್ ತಪ್ಪುವುದೇ ಇಲ್ಲ. ಎಸ್.ಪಿ. ರೋಡಿನ ಅಂಗಡಿಗಳಲ್ಲಿ ಚಿಲ್ಲರೆ ಕಾಸಿಗೆ ಸಿಗುವ 1ಎನ್4007 ಎಂಬ ಡಯೋಡನ್ನು ಲಾಕಿನ ಎರಡು ತಂತಿಗಳ ನಡುವೆ ಉಲ್ಟಾ ಹಾಕಿದರೆ ಆ ಏಟು ಅಲ್ಲೇ ಸುತ್ತಿ ಸಾಯುತ್ತದೆ. ಕೆಲವು ಲಾಕುಗಳಲ್ಲಿ ಅದು ಒಳಗೇ ಇರುತ್ತದೆ, ಇಲ್ಲದಿದ್ದರೆ ನಾವು ಹಾಕಬೇಕು. ಹಾಕಿದ್ದು ಯಾರಿಗೂ ಕಾಣುವುದಿಲ್ಲ, ಬಿಲ್ಲಿನಲ್ಲೂ ಬರುವುದಿಲ್ಲ.

ಜನರಿಗೆ ಕಾಣುವುದು ಗೋಡೆಯ ಮೇಲಿನ ರೀಡರ್. ಅದು ನೀಲಿ ದೀಪ ಹೊಳೆಸಿ ಬೀಪ್ ಅಂದರೆ ಭದ್ರತೆ ಬಂತು ಅನ್ನಿಸುತ್ತದೆ. ಆದರೆ ಇಂದಿಗೂ ಅನೇಕ ಕಟ್ಟಡಗಳಲ್ಲಿ ಕುತ್ತಿಗೆಗೆ ನೇತಾಡುವುದು 125 ಕಿಲೋಹರ್ಟ್ಸ್‌ನ ಹಳೆಯ ಕಾರ್ಡು. ರೀಡರ್ ಹತ್ತಿರ ತಂದರೆ ತನ್ನ ನಂಬರನ್ನು ಕೂಗಿ ಹೇಳುವುದಷ್ಟೇ ಅದಕ್ಕೆ ಗೊತ್ತು. ಕೇಳಿದವರು ಯಾರು ಎಂದು ವಿಚಾರಿಸುವುದಿಲ್ಲ. ಬಹಳ ಬಳಕೆಯಲ್ಲಿರುವ 26 ಬಿಟ್ ನಮೂನೆಯಲ್ಲಿ ಸೈಟಿನ ಕೋಡ್ 0ಯಿಂದ 255ರವರೆಗೆ, ಕಾರ್ಡಿನ ನಂಬರ್ 65,535ರವರೆಗೆ, ಅಷ್ಟೇ ಜಾಗ. ಅಕ್ಕಪಕ್ಕದ ಎರಡು ಕಂಪನಿಗಳ ಕಾರ್ಡುಗಳಿಗೆ ಒಂದೇ ನಂಬರ್ ಬಂದುಬಿಡಬಹುದು. ಈ ಜಾತಿಯ ಕಾರ್ಡನ್ನು ಕೀಲಿ ನಕಲು ಮಾಡುವಷ್ಟೇ ಸುಲಭವಾಗಿ ನಕಲು ಮಾಡಬಹುದು. ಮುಂದಿನ ಪೀಳಿಗೆಯ 13.56 ಮೆಗಾಹರ್ಟ್ಸ್‌ನ ಮೈಫೇರ್ ಕ್ಲಾಸಿಕ್ ಕಾರ್ಡಿನಲ್ಲಿ ಗುಟ್ಟಿನ ಲಿಪಿಯಿತ್ತು. 2008ರಲ್ಲಿ ನೆದರ್‌ಲ್ಯಾಂಡ್ಸಿನ ನೈಮೇಖೆನ್ ನಗರದ ರಾಡ್‌ಬೌಡ್ ವಿಶ್ವವಿದ್ಯಾಲಯದ ಸಂಶೋಧಕರು ಅದನ್ನೂ ಬಿಡಿಸಿ ತೋರಿಸಿದರು. ಇಷ್ಟಾದರೂ ಟೆಂಡರಿನಲ್ಲಿ ಕಾರ್ಡಿನ ಬೆಲೆ ನೋಡುತ್ತಾರೆಯೇ ಹೊರತು ಜಾತಿ ಕೇಳುವುದಿಲ್ಲ. ಕೊಳ್ಳುವವರಿಗೆ ಈ ವ್ಯತ್ಯಾಸವನ್ನು ಸಹಿ ಹಾಕುವ ಮೊದಲೇ ಹೇಳಿಬಿಡುವುದು ನಾನು ರೂಢಿಸಿಕೊಂಡ ಅಭ್ಯಾಸ.

ಅದಕ್ಕಿಂತ ದೊಡ್ಡ ತೂತು ತಂತಿಯಲ್ಲಿರುತ್ತದೆ. ಖರ್ಚು ಉಳಿಸಲು ಕಂಟ್ರೋಲರನ್ನೇ ಬಿಟ್ಟು, ಹೊರಗೋಡೆಯ ಬೆರಳಚ್ಚು ಮೆಷಿನ್ನಿಗೇ ಲಾಕಿನ ತಂತಿ ಕೊಡುವುದುಂಟು. ಆ ಮೆಷಿನ್ ಕಿತ್ತರೆ ಬಾಗಿಲಿನ ಬೀಗವೇ ಕೈಗೆ ಬಂದ ಹಾಗೆ. ಬಾಗಿಲು ತೆರೆಯುವ ತೀರ್ಮಾನ ಯಾವಾಗಲೂ ಒಳಗಿನ ಪೆಟ್ಟಿಗೆಯಲ್ಲಿ ಆಗಬೇಕು, ಹೊರಗೆ ಕಿವಿ ಮಾತ್ರ ಇರಬೇಕು.

ಬೆರಳಚ್ಚಿನ ಮಾತು ಬಂತು. ಇದರಲ್ಲಿ ನನಗೆ ಪಾಠ ಹೇಳಿದವರು ಎಂಜಿನಿಯರುಗಳಲ್ಲ. ಒಂದು ಕಚೇರಿಯಲ್ಲಿ ಹೌಸ್‌ಕೀಪಿಂಗ್ ಅಕ್ಕ ಒಬ್ಬರು ಮೆಷಿನ್ ಮುಂದೆ ನಿಂತು ಹೆಬ್ಬೆರಳನ್ನು ಸೀರೆಗೆ ಒರೆಸಿ ಒರೆಸಿ ಇಡುತ್ತಿದ್ದರು. ‘ಎಲ್ರ ಕೈಗೂ ಥ್ಯಾಂಕ್ಯೂ ಅಂತದೆ, ನನ್ನ ಕೈಗೆ ಮಾತ್ರ ಬೇಡ ಅಂತದೆ. ನೀವೇ ನೋಡಿ ಸಾರ್’ ಅಂದರು. ನೋಡಿದೆ. ಫಿನಾಯಿಲು, ಸೋಪಿನಪುಡಿ, ಆಸಿಡ್ಡಿನಲ್ಲಿ ಅದ್ದಿ ಅದ್ದಿ ಬೆರಳಿನ ಗೆರೆಗಳೇ ಸವೆದುಹೋಗಿದ್ದವು. ಗಾರೆ ಕೆಲಸದವರದೂ, ಪಾತ್ರೆ ತೊಳೆಯುವವರದೂ, ವಯಸ್ಸಾದವರದೂ ಇದೇ ಕತೆ. ಮೆಷಿನ್ ಬೆರಳಿನ ಚಿತ್ರವನ್ನು ಇಟ್ಟುಕೊಳ್ಳುವ ಬದಲು ಗೆರೆಗಳು ಎಲ್ಲಿ ಕವಲೊಡೆಯುತ್ತವೆ, ಎಲ್ಲಿ ಮುಗಿಯುತ್ತವೆ ಎಂಬ ಬಿಂದುಗಳನ್ನು ಅಂಕಿಗಳಾಗಿ ಬರೆದುಕೊಳ್ಳುತ್ತದೆ. ಗೆರೆಯೇ ಇಲ್ಲದಿದ್ದರೆ ಬರೆಯುವುದೇನು? ಸಂಬಳ ಆ ಥಂಬಿಗೆ ಕಟ್ಟಿಹಾಕಿಕೊಂಡಿರುತ್ತದೆ. ಥಂಬ್ ಬೀಳದ ದಿನ ಆಬ್ಸೆಂಟ್.

ಇದಕ್ಕೆ ಸುಲಭದ ದಾರಿಯೊಂದಿದೆ. ಹೋಲಿಕೆಯ ಮಟ್ಟವನ್ನು ಎಲ್ಲರಿಗೂ ಇಳಿಸಿಬಿಡುವುದು. ಆಗ ಅಕ್ಕನ ಬೆರಳೂ ಪಾಸಾಗುತ್ತದೆ, ಒಬ್ಬರ ಬೆರಳಿಗೆ ಇನ್ನೊಬ್ಬರ ಹೆಸರು ಬರುವ ಅಪಾಯವೂ ಹೆಚ್ಚುತ್ತದೆ. ಬೇರೆ ದಾರಿ ಹಿಡಿಯುವುದು ಒಳ್ಳೆಯದು. ಸವೆತ ಕಡಿಮೆಯಿರುವ ಎಡಗೈ ಬೆರಳನ್ನೋ, ಉಂಗುರದ ಬೆರಳನ್ನೋ ಆರಿಸಿ ಒಂದಕ್ಕಿಂತ ಹೆಚ್ಚು ಬೆರಳು ದಾಖಲಿಸಬೇಕು. ಮೊದಲು ನಂಬರ್ ಒತ್ತಿಸಿ ಆಮೇಲೆ ಬೆರಳು ಇಡಿಸಿದರೆ ಮೆಷಿನ್ ಸಾವಿರ ಜನರ ಜೊತೆ ಹೋಲಿಸದೆ ಅವರೊಬ್ಬರದರ ಜೊತೆ ಮಾತ್ರ ಹೋಲಿಸುತ್ತದೆ. ಅದೂ ಆಗದಿದ್ದರೆ ಕಾರ್ಡ್ ಕೊಡಬೇಕು. ‘ಒಬ್ಬರಿಗೋಸ್ಕರ ಕಾರ್ಡಾ?’ ಅಂತ ಎಚ್.ಆರ್. ಕೇಳುತ್ತದೆ. ಹೌದು, ಒಬ್ಬರಿಗೋಸ್ಕರವೇ. ಅವರಿಂದ ಕಟ್ಟಡ ಶುಚಿಯಾಗಿದೆ, ಅದೇ ಕೆಲಸದಿಂದ ಅವರ ಗೆರೆ ಅಳಿಸಿದೆ. 2020ರಲ್ಲಿ ಕೋವಿಡ್ ಬಂದು ಎಲ್ಲರೂ ಮೆಷಿನ್ ಮುಟ್ಟಲು ಹೆದರಿದಾಗ ಕಾರ್ಡು, ಮುಖ ಗುರುತಿಸುವ ಮೆಷಿನ್ ಎಲ್ಲ ಸರಾಗವಾಗಿ ಬಂದವು. ಅಲ್ಲಿಯವರೆಗೆ ‘ಆಗಲ್ಲ’ ಎಂದಿದ್ದ ಎಷ್ಟೋ ಅನುಕೂಲಗಳು ಆಗುವಂಥವೇ ಆಗಿದ್ದವು.

ಹಳೆಯ ಮೆಷಿನ್ನುಗಳನ್ನು ಬಿಚ್ಚುವಾಗಲೂ ಒಂದು ನಿಯಮ ಇಟ್ಟುಕೊಂಡಿದ್ದೇನೆ. ಒಳಗಿನ ದಾಖಲೆಗಳನ್ನೆಲ್ಲ ಅಳಿಸಿದ ಮೇಲೆಯೇ ಅದು ಗುಜರಿಗೆ ಹೋಗಬೇಕು. ಕಾರ್ಡ್ ಕಳೆದರೆ ಇನ್ನೊಂದು ಮಾಡಿಸಬಹುದು, ಬೆರಳಿಗೆ ಡೂಪ್ಲಿಕೇಟ್ ಇಲ್ಲ. 2023ರಲ್ಲಿ ಸಂಸತ್ತು ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಮಾಡಿದ ಮೇಲೆ ಇಂಥ ಮಾತಿಗೆ ಕಚೇರಿಗಳಲ್ಲಿ ಸ್ವಲ್ಪ ಕಿವಿ ಸಿಗುತ್ತಿದೆ.

ಈ ದತ್ತಾಂಶದ ವಿಷಯದಲ್ಲಿ ಟೆಕ್ನಿಷಿಯನ್ನಿಗೆ ಬರುವ ಪರೀಕ್ಷೆ ವಿಚಿತ್ರವಾದದ್ದು. ಲ್ಯಾಪ್‌ಟಾಪ್ ತೆರೆದು ಕೂತಿರುವಾಗ ಯಾರೋ ಒಬ್ಬ ಮ್ಯಾನೇಜರ್ ಹಿಂದೆ ಬಂದು ನಿಲ್ಲುತ್ತಾನೆ. ‘ಬ್ರದರ್, ಆ ಹುಡುಗಿ ನಿನ್ನೆ ಎಷ್ಟೊತ್ತಿಗೆ ಹೊರಗಡೆ ಹೋದ್ಲು, ಯಾರ ಜೊತೆ ಹೋದ್ಲು, ಒಂಚೂರು ನೋಡು’ ಅನ್ನುತ್ತಾನೆ. ಯಾರು ಯಾವ ಬಾಗಿಲಲ್ಲಿ ಎಷ್ಟು ಗಂಟೆಗೆ ದಾಟಿದರು ಎಂಬುದೆಲ್ಲ ನನ್ನೆದುರಿನ ಪರದೆಯಲ್ಲೇ ಇರುತ್ತದೆ. ಇಲ್ಲ ಎನ್ನುವುದು ಕಷ್ಟ, ತೋರಿಸುವುದು ತಪ್ಪು. ನನ್ನ ಉತ್ತರ ಒಂದೇ: ‘ಅಡ್ಮಿನ್ ಕಡೆಯಿಂದ ಒಂದು ಮೇಲ್ ಹಾಕಿಸಿ ಸರ್, ತೆಗೆದು ಕೊಡ್ತೀನಿ.’ ನ್ಯಾಯವಾದ ಕಾರಣವಿದ್ದವರು ಮೇಲ್ ಹಾಕಿಸುತ್ತಾರೆ. ಉಳಿದವರಿಗೆ ಅಷ್ಟರಲ್ಲಿ ಬೇರೆ ಏನೋ ಕೆಲಸ ನೆನಪಾಗುತ್ತದೆ.

ಇನ್ನು ಮೂರನೆಯ ಜಾತಿಯ ದೋಷಕ್ಕೆ ಬರುತ್ತೇನೆ.

ಜನರನ್ನು ಕೂಡಿಹಾಕಿದ ಬಾಗಿಲುಗಳ ಚರಿತ್ರೆ ದೊಡ್ಡದು. 1883ರಲ್ಲಿ ಇಂಗ್ಲೆಂಡಿನ ಸಂಡರ್‌ಲ್ಯಾಂಡಿನ ವಿಕ್ಟೋರಿಯಾ ಹಾಲಿನಲ್ಲಿ ಮಕ್ಕಳ ಪ್ರದರ್ಶನವೊಂದಿತ್ತು. ಮೆಟ್ಟಿಲ ಬುಡದ ಬಾಗಿಲು ಒಳಮುಖವಾಗಿ ತೆರೆಯುವಂಥದ್ದು. ಒಂದು ಸಲಕ್ಕೆ ಒಂದೇ ಮಗು ದಾಟುವಷ್ಟು ಸಂದು ಬಿಟ್ಟು ಅಗುಳಿ ಹಾಕಿದ್ದರು. ಕೆಳಗೆ ಹಂಚುತ್ತಿದ್ದ ಬಹುಮಾನಕ್ಕೆಂದು ಗ್ಯಾಲರಿಯಿಂದ ಓಡಿಬಂದ 183 ಮಕ್ಕಳು ಆ ಬಾಗಿಲ ಹಿಂದೆ ಉಸಿರುಗಟ್ಟಿ ಸತ್ತರು. ಮೈಭಾರ ಬಿದ್ದರೆ ಸಾಕು ತೆರೆದುಕೊಳ್ಳುವ ಅಡ್ಡಪಟ್ಟಿಯ ಬೀಗಕ್ಕೆ ರಾಬರ್ಟ್ ಬ್ರಿಗ್ಸ್ ಎಂಬಾತ ಪೇಟೆಂಟ್ ಪಡೆದದ್ದು ಆ ದುರಂತದ ನಂತರ, 1892ರಲ್ಲಿ. ಇಂದು ನಾವು ಸಿನಿಮಾ ಮಂದಿರಗಳಲ್ಲಿ ಕಾಣುವ ಪ್ಯಾನಿಕ್ ಬಾರ್ ಅದರ ಮುಂದಿನ ತಲೆಮಾರು. 1911ರಲ್ಲಿ ನ್ಯೂಯಾರ್ಕಿನ ಟ್ರಯಾಂಗಲ್ ಶರ್ಟ್‌ವೇಸ್ಟ್ ಎಂಬ ಬಟ್ಟೆ ಕಾರ್ಖಾನೆಗೆ ಬೆಂಕಿ ಬಿದ್ದಾಗ ಮೆಟ್ಟಿಲಿನ ಒಂದು ಬಾಗಿಲಿಗೆ ಬೀಗ ಬಿದ್ದಿತ್ತು. ಕೆಲಸದವರು ಬಟ್ಟೆ ಕದ್ದುಕೊಂಡು ಹೋಗದಿರಲೆಂದು ಆ ಏರ್ಪಾಡು. 146 ಜನ ಸತ್ತರು, ಹೆಚ್ಚಿನವರು ಹದಿಹರೆಯದ, ಇಪ್ಪತ್ತರ ಆಸುಪಾಸಿನ ಹೆಣ್ಣುಮಕ್ಕಳು.

ನಮ್ಮ ಊರಿನಲ್ಲೇ 2010ರ ಫೆಬ್ರವರಿ 23ರಂದು ಹಳೆ ವಿಮಾನ ನಿಲ್ದಾಣ ರಸ್ತೆಯ ಕಾರ್ಲ್‌ಟನ್ ಟವರ್ಸ್‌ನಲ್ಲಿ ಬೆಂಕಿ ಬಿತ್ತು. ಒಂಬತ್ತು ಜನ ತೀರಿಕೊಂಡರು. ಹೊಗೆ ತಾಳಲಾರದೆ ಮೇಲಿನ ಕಿಟಕಿಗಳಿಂದ ಹಾರಿದವರಿದ್ದರು. ತುರ್ತು ದಾರಿಗಳಿಗೆ ಬೀಗ ಬಿದ್ದಿತ್ತೆಂಬ ಸುದ್ದಿ ಆಗ ಪತ್ರಿಕೆಗಳಲ್ಲಿ ಬಂದದ್ದು ಬೆಂಗಳೂರಿನ ಹಲವರಿಗೆ ನೆನಪಿರಬಹುದು. ಈ ಕಸುಬಿನವರು ಅದನ್ನು ಮರೆಯಬಾರದು. ಕಳ್ಳತನ ತಡೆಯಲೆಂದು ನಮ್ಮನ್ನು ಕರೆಯುತ್ತಾರೆ, ನಾವು ಹಾಕುವ ಪ್ರತಿ ಬೀಗವೂ ಯಾರದೋ ಹೊರದಾರಿಯ ಮೇಲೆ ಕೂರುತ್ತದೆ.

2016ರ ರಾಷ್ಟ್ರೀಯ ಕಟ್ಟಡ ಸಂಹಿತೆಯಲ್ಲಿ ಇದಕ್ಕೆ ನಿಯಮಗಳಿವೆ. ಹೊರದಾರಿಯ ಬಾಗಿಲು ಒಳಗಿನವರಿಗೆ ಕೀಲಿಯಿಲ್ಲದೆ ತೆರೆಯಬೇಕು. ವಿದ್ಯುತ್ ಬೀಗ ಹಾಕಿದ್ದರೆ ಬೆಂಕಿಯ ಅಲಾರಂ ಆದ ಕೂಡಲೇ, ಕರೆಂಟ್ ಹೋದ ಕೂಡಲೇ ಅದು ಬಿಟ್ಟುಕೊಳ್ಳಬೇಕು. ಕಾಗದದ ಮೇಲೆ ಎಲ್ಲ ಕಟ್ಟಡದಲ್ಲೂ ಇದು ಇರುತ್ತದೆ. ಕೆಡುವುದು ತಂತಿಯಲ್ಲಿ. ನಾನು ಮತ್ತೆ ಮತ್ತೆ ಕಂಡ ಎರಡು ದೋಷಗಳನ್ನು ಹೇಳುತ್ತೇನೆ.

ಒಂದು, ಫೈರ್ ಪ್ಯಾನೆಲಿನಿಂದ ಬಂದ ರಿಲೇಯನ್ನು ಪವರ್ ಸಪ್ಲೈಯ 230 ವೋಲ್ಟ್ ಕಡೆಗೆ ಕೊಟ್ಟಿರುತ್ತಾರೆ. ಅಲಾರಂ ಆದಾಗ ಮೇನ್ ಕರೆಂಟ್ ಕಡಿಯುತ್ತದೆ ನಿಜ. ಆದರೆ ಅದೇ ಡಬ್ಬಿಯೊಳಗೆ 12 ವೋಲ್ಟ್ 7 ಎ.ಎಚ್. ಬ್ಯಾಟರಿ ಕೂತಿರುತ್ತದೆ. ಕರೆಂಟ್ ಹೋಯಿತು, ಇನ್ನು ನನ್ನ ಸರದಿ ಎಂದು ಅದು ಗಂಟೆಗಟ್ಟಲೆ ಬಾಗಿಲನ್ನು ಹಿಡಿದಿಡುತ್ತದೆ. ರಿಲೇ ಕಡಿಯಬೇಕಾದದ್ದು ಬ್ಯಾಟರಿ ದಾಟಿದ ಮೇಲೆ, ಲಾಕಿಗೆ ಹೋಗುವ 12 ವೋಲ್ಟಿನ ತಂತಿಯನ್ನು.

ಎರಡನೆಯದು ಬಾಗಿಲ ಪಕ್ಕದ ಹಸಿರು ಪೆಟ್ಟಿಗೆ. ಗಾಜು ಒಡೆದರೆ ಅಥವಾ ಒತ್ತಿದರೆ ಬಾಗಿಲು ಬಿಡಬೇಕು ಎಂದೇ ಅದನ್ನು ಇಟ್ಟಿರುವುದು. ಕೇಬಲ್ ಉಳಿಸಲು ಅದರ ತಂತಿಯನ್ನು ಕಂಟ್ರೋಲರಿಗೆ ಕೊಟ್ಟುಬಿಡುತ್ತಾರೆ. ಪೆಟ್ಟಿಗೆ ಒತ್ತಿದರೆ ಕಂಟ್ರೋಲರಿಗೆ ಸುದ್ದಿ ಹೋಗುತ್ತದೆ, ಕಂಟ್ರೋಲರ್ ಯೋಚಿಸಿ ಬಾಗಿಲು ಬಿಡುತ್ತದೆ. ಕಂಟ್ರೋಲರ್ ಹ್ಯಾಂಗ್ ಆಗಿದ್ದರೆ? ಅದರ ರಿಲೇ ಬೆಸೆದುಕೊಂಡಿದ್ದರೆ? ಲಾಕಿನ ಕರೆಂಟೇ ಆ ಹಸಿರು ಪೆಟ್ಟಿಗೆಯೊಳಗಿಂದ ಹಾದು ಹೋಗಬೇಕು. ಒತ್ತಿದವನ ಬೆರಳೇ ತಂತಿಯನ್ನು ಕಡಿಯಬೇಕು, ನಡುವೆ ಯಾರ ಬುದ್ಧಿಯೂ ಬೇಡ.

ಈ ಎರಡು ದೋಷಗಳಿದ್ದರೂ ಡೆಮೋ ದಿನ ಎಲ್ಲ ಚೆನ್ನಾಗಿ ನಡೆಯುತ್ತದೆ. ಅದಕ್ಕೇ ಸೈಟ್ ಒಪ್ಪಿಸುವ ದಿನ ನಾನು ಪರದೆಯ ಮೇಲೆ ಏನನ್ನೂ ತೋರಿಸುವುದಿಲ್ಲ. ಕಂಟ್ರೋಲರನ್ನು ಬೇಕೆಂತಲೇ ಆಫ್ ಮಾಡಿ ಹಸಿರು ಪೆಟ್ಟಿಗೆ ಒತ್ತುತ್ತೇನೆ. ಬ್ಯಾಟರಿ ಇದ್ದಂತೆಯೇ ಫೈರ್ ಅಲಾರಂ ಹೊಡೆಸುತ್ತೇನೆ. ಆಮೇಲೆ ಪ್ರತಿ ಬಾಗಿಲನ್ನೂ ಕೈಯಿಂದ ತಳ್ಳಿ ನೋಡುತ್ತೇನೆ. ಸರ್ವರ್ ರೂಮಿನಂಥ ಕಡೆ ಹೊರಗಿನಿಂದ ಬೀಗ ಬಿದ್ದೇ ಇರಬೇಕು ಅಂದರೆ ಕರೆಂಟ್ ಹೋದರೂ ಹೊರಗಡೆಗೆ ಬೀಗವಾಗಿ ಉಳಿಯುವ ಸ್ಟ್ರೈಕ್ ಲಾಕ್ ಹಾಕಬಹುದು, ಒಳಗಿನವರು ಹಿಡಿ ತಿರುಗಿಸಿದರೆ ಅದೂ ತೆರೆಯಬೇಕು. ಈ ಕೊನೆಯ ಷರತ್ತಿಗೆ ಯಾವ ಮಾಲೀಕ ಹೇಳಿದರೂ ರಿಯಾಯಿತಿ ಇಲ್ಲ.

ಯಂತ್ರಕ್ಕಿಂತ ಹೆಚ್ಚು ಗೊತ್ತಿರುವುದು ಬಾಗಿಲ ಪಕ್ಕ ಕೂತ ಸೆಕ್ಯೂರಿಟಿಯವರಿಗೆ. ಯಾವ ಬಾಗಿಲಿಗೆ ಟೀ ಹೊತ್ತಿನಲ್ಲಿ ಬೆಂಕಿ ಆರಿಸುವ ಸಿಲಿಂಡರನ್ನೇ ಅಡ್ಡ ಇಡುತ್ತಾರೆ, ಯಾವ ಮೆಟ್ಟಿಲಲ್ಲಿ ಹಳೆ ಕುರ್ಚಿ ರಾಶಿ ಹಾಕಿದ್ದಾರೆ, ರಾತ್ರಿ ಪಾಳಿಯಲ್ಲಿ ಯಾವ ಗೇಟಿಗೆ ಮೇಲಿಂದ ಸರಪಳಿ ಬೀಳುತ್ತದೆ, ಎಲ್ಲವನ್ನೂ ಅವರು ಹೇಳಬಲ್ಲರು. ಆ ಸರಪಳಿ ಬಿದ್ದಿದ್ದರೆ ನನ್ನ ಅಷ್ಟೂ ವೈರಿಂಗ್ ದಂಡ. ಹಾಗಾಗಿ ಹೊಸದಾಗಿ ಸೇರುವ ಹುಡುಗರಿಗೆ ನಾನು ಹೇಳುವುದು, ಸೈಟಿಗೆ ಹೋದರೆ ಮೊದಲ ಚಹಾ ಸೆಕ್ಯೂರಿಟಿ ಅಣ್ಣನ ಜೊತೆ ಕುಡಿಯಿರಿ, ಮ್ಯಾನೇಜರ ರೂಮಿಗೆ ಆಮೇಲೆ ಹೋಗಿ.

ಇಂಥ ಬಾಗಿಲಿನ ಒಳಗೆ ದಿನವಿಡೀ ಕೆಲಸ ಮಾಡುವ ನಿಮಗೂ ಒಂದೆರಡು ಮಾತು. ನೀವು ಕೂರುವ ಜಾಗದಿಂದ ಹತ್ತಿರದ ಮೆಟ್ಟಿಲು ಯಾವುದೆಂದು ತಿಳಿದುಕೊಳ್ಳಿ, ಲಿಫ್ಟನ್ನು ಲೆಕ್ಕಕ್ಕೆ ಹಿಡಿಯಬೇಡಿ. ಆ ಬಾಗಿಲ ಪಕ್ಕ ಹಸಿರು ಪೆಟ್ಟಿಗೆ ಇದೆಯೇ, ಅದನ್ನು ಕೊನೆಗೆ ಯಾವಾಗ ಒತ್ತಿ ನೋಡಿದರು ಎಂದು ಅಡ್ಮಿನ್ನನ್ನು ಕೇಳಿ. ಫೈರ್ ಡ್ರಿಲ್ ಇಟ್ಟ ದಿನ ಕೆಲಸವಿದೆ ಎಂದು ಸೀಟಿನಲ್ಲಿ ಕೂರಬೇಡಿ. ಎದ್ದು ಹೋಗಿ ಬಾಗಿಲನ್ನು ನೀವೇ ತಳ್ಳಿ ನೋಡಿ. ಅದು ಬಿಟ್ಟುಕೊಳ್ಳದಿದ್ದರೆ ಆ ಕ್ಷಣವೇ ನಮಗೆ ಫೋನ್ ಮಾಡಿಸಿ. ಕಾರ್ಡ್ ಓದುತ್ತಿಲ್ಲ ಅನ್ನುವ ಕಂಪ್ಲೇಂಟಿಗೆ ನಾಳೆ ಬರುತ್ತೇವೆ ಅನ್ನಬಹುದು. ಈ ಕಂಪ್ಲೇಂಟಿಗೆ ಮಧ್ಯರಾತ್ರಿಯಾದರೂ ಬರುತ್ತೇವೆ, ಬರಬೇಕು.